ಜಗಲಿಯ ತುದಿಯಲ್ಲಿ ಕೂತವರು

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೊ ಹತ್ತಿದೆ. ಊರಿನ ಹೆಸರು ಹೇಳಿದ ಕೂಡಲೇ ಓಡಿಸುವವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. "ಅಕ್ಕ, ಗುರ್ತು ಸಿಗ್ಲಿಲ್ವಾ?" ಅಂದ. ಮುಖ ನೋಡಿದರೂ ಗೊತ್ತಾಗಲಿಲ್ಲ. ಅವನು ತನ್ನ ಅಪ್ಪನ ಹೆಸರು ಹೇಳಿದ ಮೇಲೆ ನೆನಪಾಯಿತು. ನಮ್ಮ ತೋಟದ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುತ್ತಿದ್ದವರ ಮಗ. ಕೊನೆ ಕೊಯ್ಲಿನ ಕಾಲದಲ್ಲಿ ಅಪ್ಪನ ಹಿಂದೆಯೇ ಬರುತ್ತಿದ್ದ ಪುಟ್ಟ ಹುಡುಗ ಇವನೇ. ಅವನ ಅಪ್ಪ ತೀರಿಕೊಂಡು ಹದಿಮೂರು ವರ್ಷ ಆಗಿದೆ.

ದಾರಿಯುದ್ದಕ್ಕೂ ಊರಿನ ಮಾತು ಆಡಿದೆವು. ಮನೆ ಹತ್ತಿರ ಬಂದಾಗ ಅವನು ಆಟೊ ನಿಲ್ಲಿಸಿ ಒಂದು ಮಾತು ಕೇಳಿದ. "ಅಕ್ಕ, ಅವತ್ತು ಸುಲಿಯೋ ದಿನ ಅಯ್ಯ ವಿಡಿಯೊ ತೆಗ್ದಿದ್ರಲ್ಲ, ಅದು ಇದ್ಯಾ? ನಮ್ಮಪ್ಪನ ಫೋಟೊ ಅಂತ ಇರೋದು ಓಟಿನ ಕಾರ್ಡಲ್ಲಿ ಮಾತ್ರ. ಅದ್ರಲ್ಲಿ ಮುಖಾನೇ ಕಾಣಲ್ಲ."

ಇದೆ ಅಂದೆ. ಡಿವಿಡಿ ಇದೆ, ಇವತ್ತೇ ನೋಡೋಣ ಬಾ ಅಂದೆ.

ಆ ಸಂಜೆ ಅವನು ಬಂದ. ಅಪ್ಪಯ್ಯನೂ ಕುರ್ಚಿ ಎಳೆದುಕೊಂಡು ಕೂತರು. ಅಡಿಕೆ ಸುಲಿಯುವ ರಾತ್ರಿ ತೆರೆಯ ಮೇಲೆ ಬಂತು. ನಮ್ಮ ಜಗಲಿ, ಮಧ್ಯದಲ್ಲಿ ಬಲ್ಬು, ಅದರ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಅಜ್ಜಿ, ದೊಡ್ಡತ್ತೆ, ಅಕ್ಕಪಕ್ಕದ ಮನೆಯವರು. ಕಟ್ ಕಟ್ ಅನ್ನುವ ಶಬ್ದ. ಹುಡುಗ ಮುಂದಕ್ಕೆ ಬಾಗಿ ನೋಡುತ್ತಲೇ ಇದ್ದ. ಬಲಗಡೆ ಅಂಚಿನಲ್ಲಿ ಆಗಾಗ ಒಂದು ಕೈ ಬಂದು ಸುಲಿದ ಅಡಿಕೆಯನ್ನು ರಾಶಿಗೆ ಹಾಕಿ ಹಿಂದಕ್ಕೆ ಹೋಗುತ್ತಿತ್ತು. ಮೊಣಕೈವರೆಗೆ ಮಾತ್ರ. ಅರ್ಧ ಗಂಟೆ ನೋಡಿದೆವು. ಆ ಕೈ ಬಿಟ್ಟರೆ ಬೇರೇನೂ ಬರಲಿಲ್ಲ.

"ಅದು ನಮ್ಮಪ್ಪನ ಕೈ," ಅಂದ. ಇನ್ನೇನೂ ಹೇಳಲಿಲ್ಲ. ಕಾಫಿ ಕುಡಿದು ಹೋದ.

ಅಪ್ಪಯ್ಯನಿಗೆ ಎಪ್ಪತ್ತೆಂಟು ದಾಟಿದೆ, ಕಿವಿ ಸ್ವಲ್ಪ ಮಂದ. ಆದರೆ ಅವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಖಚಿತವಾಗಿ ಹೇಳಿದರು. "ನಾನು ಜಗಲಿ ಪೂರ್ತಿ ಹಿಡಿದಿದ್ದೆ. ಆ ತುದಿಯಿಂದ ಈ ತುದಿವರೆಗೆ. ಯಾರನ್ನೂ ಬಿಟ್ಟಿರಲಿಲ್ಲ."

ಇಲ್ಲಿಂದ ಶುರುವಾದದ್ದು ಮೂರು ತಿಂಗಳ ಕೆಲಸ. ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮ ಚಿಕ್ಕಮಗಳೂರು, ಹಾಸನದ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂಥ ಕ್ಯಾಸೆಟ್‌ಗಳು ಇವೆ. ಡಿವಿಡಿ ಮಾಡಿಸಿದ್ದೇವಲ್ಲ ಅಂತ ಎಲ್ಲರೂ ಸಮಾಧಾನದಿಂದ ಇದ್ದಾರೆ. ನಾನೂ ಹಾಗೇ ಇದ್ದೆ.

ಮೊದಲು ಡಿವಿಡಿಯಲ್ಲಿ ಏನಾಗಿತ್ತು ಅಂತ ಹೇಳುತ್ತೇನೆ. ಕ್ಯಾಮೆರಾ ಚಿಕ್ಕಪ್ಪ ದುಬೈಯಿಂದ ತಂದದ್ದು. ಸೋನಿ ಹ್ಯಾಂಡಿಕ್ಯಾಮ್, ಮಿನಿ ಡಿವಿ ಕ್ಯಾಸೆಟ್ ಹಾಕುವಂಥದ್ದು. ಅದರ ಪಕ್ಕದಲ್ಲಿ ತೆರೆದುಕೊಳ್ಳುವ ಸ್ಕ್ರೀನ್ ಅಗಲವಾಗಿತ್ತು. ಹಾಗಾಗಿ ಅಪ್ಪಯ್ಯ ಮೊದಲ ದಿನವೇ ಅದನ್ನು ವೈಡ್‌ಗೆ ಇಟ್ಟರು, ಆಮೇಲೆ ಬದಲಿಸಲೇ ಇಲ್ಲ. ಕೆಲವು ಹಳೆಯ ಕ್ಯಾಮೆರಾಗಳಲ್ಲಿ ವೈಡ್ ಅಂದರೆ ಚಿತ್ರದ ಮೇಲೂ ಕೆಳಗೂ ಒಂದಿಷ್ಟು ಕತ್ತರಿಸುವುದು ಅಷ್ಟೆ. ನಮ್ಮದರಲ್ಲಿ ಹಾಗಲ್ಲ. ವೈಡ್ ಹಾಕಿದರೆ ಅಕ್ಕಪಕ್ಕ ನಿಜವಾಗಿಯೂ ಜಾಸ್ತಿ ಕಾಣುತ್ತಿತ್ತು. ಮಲೆನಾಡಿನ ಮನೆಯ ಜಗಲಿ ಉದ್ದಕ್ಕೆ ಇರುತ್ತದೆ, ಜನ ಸಾಲಾಗಿ ಕೂರುತ್ತಾರೆ. ಆ ಅಗಲದ ಚೌಕಟ್ಟು ಜಗಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಆಗ ಮನೆಮನೆಯಲ್ಲಿ ಇದ್ದದ್ದು ಹಳೇ ಡಬ್ಬಾ ಟಿವಿ. ಅದರ ಆಕಾರ 4:3, ಅಂದರೆ ಅಗಲ 4 ಪಾಲಾದರೆ ಎತ್ತರ 3 ಪಾಲು. ಅಗಲದ ಚಿತ್ರವನ್ನು ಅದರಲ್ಲಿ ಹಾಕಿದರೆ ಮೇಲೂ ಕೆಳಗೂ ಕಪ್ಪು ಪಟ್ಟಿ ಬರುತ್ತದೆ. ಕ್ಯಾಸೆಟ್‌ಗಳನ್ನು ಡಿವಿಡಿ ಮಾಡಲು ಒಂದು ಸ್ಟುಡಿಯೊಗೆ ಕೊಟ್ಟಿದ್ದೆವು. ಅವರು ಕಪ್ಪು ಪಟ್ಟಿ ಬೇಡ ಅಂತ ಚಿತ್ರವನ್ನು ಜೂಮ್ ಮಾಡಿ ಟಿವಿ ತುಂಬಿಸಿದ್ದರು. ಬಹಳ ಜನ ಆಗ ಹಾಗೇ ಕೇಳುತ್ತಿದ್ದರು, ಟಿವಿ ತುಂಬ ಚಿತ್ರ ಬರಬೇಕು ಅಂತ. ನಮ್ಮನ್ನು ಮಾತ್ರ ಯಾರೂ ಕೇಳಲಿಲ್ಲ.

ಲೆಕ್ಕ ನೋಡಿ. ಅಗಲದ ಚಿತ್ರ 16:9. ಎತ್ತರ 9 ಅಂತಿಟ್ಟುಕೊಂಡರೆ ಅಗಲ 16. ಹಳೇ ಟಿವಿಯಲ್ಲಿ ಅದೇ 9ರ ಎತ್ತರಕ್ಕೆ ಅಗಲ 12 ಮಾತ್ರ. ಅಂದರೆ 16ರಲ್ಲಿ 4 ಭಾಗ ಹೋಯಿತು, ಎಡಕ್ಕೆ 2, ಬಲಕ್ಕೆ 2. ಜಗಲಿಯಲ್ಲಿ ಹದಿನಾರು ಜನ ಸಾಲಾಗಿ ಕೂತಿದ್ದರೆ ನಾಲ್ಕು ಜನರನ್ನು ಎಬ್ಬಿಸಿ ಕಳಿಸಿದ ಹಾಗೆ.

ಆ ನಾಲ್ಕು ಜನ ಯಾರು ಅನ್ನುವುದು ನನ್ನನ್ನು ಬಹಳ ಕಾಡಿತು. ನಮ್ಮ ಜಗಲಿಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿರುತ್ತಿತ್ತು. ಬಲ್ಬಿನ ಕೆಳಗೆ ಮನೆಯವರು, ನೆಂಟರು. ಆಮೇಲೆ ನೆರೆಯವರು. ತುದಿಗಳಲ್ಲಿ ಕೆಲಸಕ್ಕೆ ಬಂದವರು. ಬೆಳಕು ಕಡಿಮೆ ಇರುವ ಕಡೆ, ಮೆಟ್ಟಿಲ ಹತ್ತಿರ. ಮರ ಹತ್ತಿ ಕೊನೆ ಇಳಿಸಿದವರು, ಹೊತ್ತು ತಂದವರು ಎಲ್ಲ ಅಲ್ಲೇ. ಹಾಗಾಗಿ ಎರಡೂ ಕಡೆ ಕತ್ತರಿಸಿದಾಗ ಹೋದದ್ದು ಸುಮ್ನೆ ಖಾಲಿ ಗೋಡೆಯಲ್ಲ. ಆ ಮನೆಯ ಅಡಿಕೆಯನ್ನು ಮನೆಗೆ ತಂದವರೇ ಹೋಗಿದ್ದರು. ಯಾರೂ ಬೇಕು ಅಂತ ಮಾಡಿದ್ದಲ್ಲ. ಆದರೂ ಆಗಿದ್ದು ಅದೇ.

ಮೂಲ ಕ್ಯಾಸೆಟ್ ಹುಡುಕಿದೆ. ಒಟ್ಟು ಹನ್ನೊಂದು ಇದ್ದವು. ಅಮ್ಮ ಅವನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, ಅಡುಗೆಮನೆಯ ಪಕ್ಕದ ಉಗ್ರಾಣದ ಕಪಾಟಿನಲ್ಲಿ ಇಟ್ಟಿದ್ದರು. ಒಲೆಯ ಗೋಡೆ ಆ ಕಡೆ ಇರುವುದರಿಂದ ಮಳೆಗಾಲದಲ್ಲೂ ಅಲ್ಲಿ ಥಂಡಿ ಕಡಿಮೆ. ಉಪ್ಪಿನಕಾಯಿ, ಹಪ್ಪಳ ಇಡುವ ಜಾಗ ಅದು. ನಮ್ಮ ಕಡೆಯ ಮಳೆಗೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಟೇಪಿಗೂ ಹಿಡಿಯುತ್ತದೆ. ಕ್ಯಾಸೆಟ್ಟಿನ ಸಣ್ಣ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಮೇಲೆ ಬಿಳಿ ಪುಡಿಯ ಹಾಗೆ, ಎಳೆಯ ಹಾಗೆ ಕಾಣುತ್ತದೆ. ಹನ್ನೊಂದರಲ್ಲಿ ಎರಡಕ್ಕೆ ಮಾತ್ರ ಹಾಗಾಗಿತ್ತು. ಅಂಥವನ್ನು ಕ್ಯಾಮೆರಾಕ್ಕೆ ಹಾಕಲೇಬಾರದು. ಒಂದರ ಬೂಷ್ಟು ಕ್ಯಾಮೆರಾದ ಒಳಗೆ ಅಂಟಿಕೊಂಡು ಉಳಿದವನ್ನೂ ಹಾಳು ಮಾಡುತ್ತದೆ. ಆ ಎರಡನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಇಟ್ಟೆ. ಸುಲಿಯುವ ದಿನದ ಕ್ಯಾಸೆಟ್ ಚೆನ್ನಾಗಿತ್ತು. ಮೇಲೆ ಅಪ್ಪಯ್ಯನ ಗುಂಡು ಅಕ್ಷರದಲ್ಲಿ "ಸುಲಿತ, 2007" ಅಂತ ಬರೆದಿತ್ತು.

ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸ ಒಂದಿದೆ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಒಂದು ಪುಟ್ಟ ಜಾರುವ ಗುಂಡಿ ಇರುತ್ತದೆ. ಅದನ್ನು 'ಸೇವ್' ಕಡೆಗೆ ಸರಿಸಿದರೆ ಅದರ ಮೇಲೆ ಹೊಸದಾಗಿ ರೆಕಾರ್ಡ್ ಆಗುವುದಿಲ್ಲ. ಕೈತಪ್ಪಿ ಒಂದು ಗುಂಡಿ ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ. ಅದು ಮತ್ತೆ ಬರುವುದಿಲ್ಲ. ಹನ್ನೊಂದಕ್ಕೂ ಸರಿಸಿದೆ.

ಈ ಪುಟ್ಟ ಕ್ಯಾಸೆಟ್ ಬಗ್ಗೆ ಓದುತ್ತಾ ಹೋದಂತೆ ನನಗೆ ಅದರ ಮೇಲೆ ಗೌರವ ಬಂತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಳಗಿನ ಟೇಪಿನ ಅಗಲ 6.35 ಮಿಲಿಮೀಟರ್. ಒಂದು ಸೆಕೆಂಡಿಗೆ ಸುಮಾರು 18.8 ಮಿಲಿಮೀಟರ್ ಸರಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಂದು ಗಂಟೆಗೆ ಸುಮಾರು 68 ಮೀಟರ್ ಟೇಪು. ಅದನ್ನು ಓದುವ ಉರುಳೆ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಒಂದೊಂದು ಚಿತ್ರವನ್ನೂ ಹನ್ನೆರಡು ಓರೆ ಗೆರೆಗಳಾಗಿ ಟೇಪಿನ ಮೇಲೆ ಬರೆದಿರುತ್ತದೆ. ಒಂದು ಗೆರೆಯ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗ. 1995ರಲ್ಲಿ ಬಂದ ತಂತ್ರ ಇದು. ಇಷ್ಟು ಸೂಕ್ಷ್ಮವಾದದ್ದು ನಮ್ಮ ಉಗ್ರಾಣದಲ್ಲಿ ಹಪ್ಪಳದ ಡಬ್ಬದ ಪಕ್ಕ ಅಷ್ಟು ವರ್ಷ ಉಳಿದಿತ್ತು ಅನ್ನುವುದೇ ದೊಡ್ಡದು.

ಮುಖ್ಯವಾದ ಮಾತು ಏನೆಂದರೆ, ಇದು ಡಿಜಿಟಲ್ ಕ್ಯಾಸೆಟ್. ಹಳೇ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಥರ ಅಲ್ಲ. ಟೇಪಿನ ಮೇಲೆ ಇರುವುದು ಅಂಕಿಗಳು. ಆ ಅಂಕಿಗಳನ್ನು ಹಾಗೇ ಕಂಪ್ಯೂಟರಿಗೆ ತಂದುಕೊಳ್ಳಬಹುದು. ಒಂದು ಚೂರೂ ಕೆಡುವುದಿಲ್ಲ. ಆದರೆ ಅದಕ್ಕೆ ಸರಿಯಾದ ಬಾಗಿಲಿನಿಂದಲೇ ಹೋಗಬೇಕು. ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್ ಹಾಕಿದರೆ ಅಂಕಿಗಳು ಮೊದಲು ಟಿವಿ ಸಿಗ್ನಲ್ ಆಗಿ, ಆಮೇಲೆ ಮತ್ತೆ ಅಂಕಿಗಳಾಗುತ್ತವೆ. ಹಾಲನ್ನು ಎರಡು ಸಲ ಬೇರೆ ಬೇರೆ ಪಾತ್ರೆಗೆ ಸುರಿದರೆ ಪ್ರತಿ ಸಲವೂ ಒಂದಿಷ್ಟು ಪಾತ್ರೆಗೇ ಅಂಟುತ್ತದಲ್ಲ, ಹಾಗೆ. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿಯೂ ಇತ್ತು. ಖುಷಿಯಿಂದ ಅದಕ್ಕೆ ಹಾಕಿ ನೋಡಿದೆ. ಮೆಮೊರಿ ಕಾರ್ಡಿನ ಫೋಟೊಗಳು ಮಾತ್ರ ಬಂದವು. ಆ ಕಾಲದ ಹಲವು ಕ್ಯಾಮೆರಾಗಳಲ್ಲಿ ಯುಎಸ್‌ಬಿ ಇದ್ದದ್ದು ಫೋಟೊಗೆ ಮಾತ್ರ.

ಟೇಪಿಗೆ ಬೇಕಾದ ಬಾಗಿಲಿನ ಹೆಸರು ಫೈರ್‌ವೈರ್. ಸೋನಿಯವರು ಅದನ್ನೇ ಐ-ಲಿಂಕ್ ಅಂತ ಕರೆಯುತ್ತಿದ್ದರು. ಕ್ಯಾಮೆರಾದ ಪಕ್ಕದಲ್ಲಿ ರಬ್ಬರ್ ಮುಚ್ಚಳದ ಕೆಳಗೆ 'ಡಿವಿ' ಅಂತ ಬರೆದ ಸಣ್ಣ ಕಿಂಡಿ ಅದು. ನಾಲ್ಕು ಪಿನ್ನಿನದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ. ಫೈರ್‌ವೈರಿನಿಂದ ಯುಎಸ್‌ಬಿಗೆ ಅಂತ ಮಾರುವ ಅಗ್ಗದ ಪುಟ್ಟ ಪಿನ್ನುಗಳನ್ನು ದಯವಿಟ್ಟು ಕೊಳ್ಳಬೇಡಿ. ಅವು ತಂತಿ ಜೋಡಿಸುತ್ತವೆ ಅಷ್ಟೆ, ಎರಡೂ ಮಾತಾಡುವ ಭಾಷೆ ಬೇರೆ ಬೇರೆ.

ಹಾಗಾಗಿ ಮನೆಯ ಹಳೇ ಡೆಸ್ಕ್‌ಟಾಪನ್ನು ಅಟ್ಟದಿಂದ ಇಳಿಸಿದೆ. ಅದರ ಒಳಗೆ ಕೂರಿಸುವ ಫೈರ್‌ವೈರ್ ಕಾರ್ಡ್ ಚಿಕ್ಕಮಗಳೂರಿನಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ. ಬೆಂಗಳೂರಿಗೆ ಹೋಗುವ ಕೆಲಸವಿತ್ತು, ಎಸ್‌ಪಿ ರೋಡಿನಲ್ಲಿ ನಾಲ್ಕೈದು ಅಂಗಡಿ ಹತ್ತಿ ಇಳಿದೆ. ಒಬ್ಬ ಹಿರಿಯರು ಒಳಗಿನ ಕಪಾಟಿನಿಂದ ಒಂದು ಕಾರ್ಡು, ಆರು ಪಿನ್ನಿನಿಂದ ನಾಲ್ಕು ಪಿನ್ನಿನ ಒಂದು ಕೇಬಲ್ಲು ತೆಗೆದುಕೊಟ್ಟರು. "ಯಾವ ಮದುವೆ ಕ್ಯಾಸೆಟ್ಟಮ್ಮ?" ಅಂದರು. ಅಡಿಕೆ ಸುಲಿಯೋದು ಅಂದೆ. ಅವರದು ತೀರ್ಥಹಳ್ಳಿ ಕಡೆಯಂತೆ. ಆಮೇಲೆ ಕಾರ್ಡಿನ ಮಾತು ಬಿಟ್ಟು ಅಡಿಕೆ ರೇಟಿನ ಮಾತೇ ಆಯಿತು.

ಕೇಬಲ್ ಹಾಕುವಾಗ ಒಂದು ಎಚ್ಚರಿಕೆ. ಕಂಪ್ಯೂಟರಿನ ಆರು ಪಿನ್ನಿನ ಕಡೆ ಕರೆಂಟೂ ಬರುತ್ತದೆ. ಓರೆಯಾಗಿ ಒತ್ತಿದರೆ ಕ್ಯಾಮೆರಾದ ಕಿಂಡಿ ಸುಟ್ಟುಹೋಗಬಹುದು. ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಇರುವಾಗಲೇ ಕೇಬಲ್ ಸಿಕ್ಕಿಸಿ. ಬ್ಯಾಟರಿ ನಂಬಬೇಡಿ, ಕ್ಯಾಮೆರಾವನ್ನು ಅಡಾಪ್ಟರಿನಲ್ಲೇ ಓಡಿಸಿ. ವಿಂಡೋಸ್ 10ರಲ್ಲಿ ಕೆಲವು ಸಲ ಕಾರ್ಡಿಗೆ 'ಲೆಗಸಿ' ಅನ್ನುವ ಹಳೇ ಡ್ರೈವರ್ ಹಾಕಬೇಕಾಗುತ್ತದೆ. ನನಗೂ ಹಾಕಬೇಕಾಯಿತು.

ಟೇಪ್ ಇಳಿಸಲು ವಿನ್‌ಡಿವಿ ಅನ್ನುವ ಪುಟ್ಟ ಉಚಿತ ತಂತ್ರಾಂಶ ಬಳಸಿದೆ. ಇಳಿಸುವ ಮೊದಲು ಕ್ಯಾಸೆಟ್ಟನ್ನು ಒಂದು ಸಲ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿದೆ. ವರ್ಷಗಟ್ಟಲೆ ಒಂದೇ ಕಡೆ ಸುತ್ತಿಕೊಂಡಿದ್ದ ಟೇಪು ಇದರಿಂದ ಸಡಿಲಾಗಿ ಸಮವಾಗುತ್ತದೆ. ಆಮೇಲೆ ಕ್ಯಾಮೆರಾ ಪ್ಲೇ, ಕಂಪ್ಯೂಟರಿನಲ್ಲಿ ಕ್ಯಾಪ್ಚರ್.

ಇದರಲ್ಲಿ ಅವಸರ ನಡೆಯುವುದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಫೋನಿನಿಂದ ಫೋಟೊ ಕಳಿಸಿದ ಹಾಗೆ ಟಕ್ ಅಂತ ಬರುವುದಲ್ಲ. ಟೇಪು ಹೇಗೆ ಹಿಡಿದಿತ್ತೋ ಹಾಗೇ ಬಿಚ್ಚಿಕೊಳ್ಳುತ್ತದೆ, ಅಂದಿನ ವೇಗದಲ್ಲೇ. ಸುಲಿಯುವವರ ಜೊತೆ ಕೂತು ಕೆಲಸ ಮುಗಿಯುವವರೆಗೆ ಕಾದ ಹಾಗೆ ನಾನೂ ಕಂಪ್ಯೂಟರಿನ ಮುಂದೆ ಕಾದೆ. ಒಂದು ಗಂಟೆಯ ಫೈಲ್ ಸುಮಾರು 13 ಜಿಬಿ ಆಗುತ್ತದೆ. ಹಳೇ ಪೆನ್‌ಡ್ರೈವ್‌ಗಳ ಎಫ್‌ಎಟಿ 32 ಫಾರ್ಮ್ಯಾಟಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದೇ ಇಲ್ಲ, ಅರ್ಧಕ್ಕೆ ನಿಂತುಬಿಡುತ್ತದೆ. ಎನ್‌ಟಿಎಫ್‌ಎಸ್ ಇರುವ ಡಿಸ್ಕ್ ಇಟ್ಟುಕೊಳ್ಳಿ.

ಮೊದಲ ಸಲ ಬಂದದ್ದು ನೋಡಿ ಎದೆ ಧಸಕ್ಕೆಂದಿತು. ಎರಡು ತೊಂದರೆ ಇದ್ದವು.

ಒಂದು, ಚಿತ್ರದ ತುಂಬ ಅಡ್ಡ ಪಟ್ಟೆ. ಒಂದು ಪಟ್ಟೆಯಲ್ಲಿ ಚಿತ್ರ ಸರಿ ಇದೆ, ಮುಂದಿನ ಪಟ್ಟೆ ಚೌಕ ಚೌಕವಾಗಿ ಒಡೆದಿದೆ. ಉರುಳೆಯ ಮೇಲೆ ಎರಡು ಹೆಡ್ ಇರುತ್ತವೆ, ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಓದುತ್ತವೆ. ಒಂದು ಹೆಡ್ಡಿಗೆ ಕೊಳೆ ಕೂತರೆ ಹೀಗಾಗುತ್ತದೆ. ಕ್ಲೀನಿಂಗ್ ಕ್ಯಾಸೆಟ್ ಅಂತ ಒಂದು ಬರುತ್ತದೆ, ಒಣ ಟೇಪಿನದು. ಅದನ್ನು ಹತ್ತು ಸೆಕೆಂಡು ಮಾತ್ರ ಓಡಿಸಬೇಕು. ಜಾಸ್ತಿ ಓಡಿಸಿದರೆ ಹೆಡ್ಡೇ ಸವೆಯುತ್ತದೆ. ಎರಡು ಸಲ ಹಾಗೆ ಮಾಡಿದ ಮೇಲೆ ಪಟ್ಟೆ ಹೋದವು. ಅಲ್ಲಲ್ಲಿ ಸಣ್ಣ ಚೌಕಗಳು ಉಳಿದವು.

ಇನ್ನೊಂದು ತೊಂದರೆ ವಿಚಿತ್ರವಾಗಿತ್ತು. ಎಲ್ಲರೂ ಸಣಕಲಾಗಿ, ಉದ್ದವಾಗಿ ಕಾಣುತ್ತಿದ್ದರು. ದುಂಡಗಿದ್ದ ದೊಡ್ಡತ್ತೆಯ ಮುಖ ಸೌತೆಕಾಯಿ ಥರ ಆಗಿತ್ತು. ಬಲ್ಬು ಮೊಟ್ಟೆಯಾಕಾರ. ಆದರೆ ಒಂದು ವಿಷಯ ನನಗೆ ತಕ್ಷಣ ಕಂಡಿತು. ಚಿತ್ರದಲ್ಲಿ ಜನ ಜಾಸ್ತಿ ಇದ್ದರು. ಡಿವಿಡಿಯಲ್ಲಿ ಕಾಣದ ಕಂಬ, ಕಾಣದ ಮೆಟ್ಟಿಲು, ಗೋಣಿಚೀಲ. ಅಪ್ಪಯ್ಯ ಹೇಳಿದ್ದು ನಿಜ. ಜಗಲಿ ಪೂರ್ತಿ ಇತ್ತು, ಬರೀ ಅಮುಕಿಕೊಂಡಿತ್ತು.

ಇದು ಯಾಕೆ ಹೀಗೆ ಅಂತ ಅರ್ಥ ಮಾಡಿಕೊಳ್ಳಲು ಎರಡು ರಾತ್ರಿ ಹಿಡಿಯಿತು. ನಮ್ಮ ದೇಶದ, ದುಬೈ ಕಡೆಯ ಪಾಲ್ ಅನ್ನುವ ಟಿವಿ ಪದ್ಧತಿಯಲ್ಲಿ ಡಿವಿ ಚಿತ್ರ ಯಾವಾಗಲೂ 720 ಚುಕ್ಕಿ ಅಗಲ, 576 ಸಾಲು ಎತ್ತರ. ಚೌಕ ಟಿವಿಗೆ ತೆಗೆದರೂ ಅಷ್ಟೇ, ಅಗಲಕ್ಕೆ ತೆಗೆದರೂ ಅಷ್ಟೇ. ಅಮೆರಿಕದಿಂದ ತಂದ ಕ್ಯಾಮೆರಾ ಆಗಿದ್ದರೆ 480 ಸಾಲು, ಆದರೆ ಮಾತು ಅದೇ. ಟೇಪಿನಲ್ಲಿ ಅಗಲದ ಚಿತ್ರಕ್ಕೆ ಬೇರೆ ಜಾಗ ಇಲ್ಲ. ಹಾಗಾಗಿ ಕ್ಯಾಮೆರಾ ಅಗಲವಾಗಿ ಕಂಡದ್ದನ್ನು ಅಕ್ಕಪಕ್ಕದಿಂದ ಒತ್ತಿ ಅದೇ 720 ಚುಕ್ಕಿಯೊಳಗೆ ಕೂರಿಸುತ್ತದೆ. ಸೀರೆಯ ನೆರಿಗೆ ಹಿಡಿದ ಹಾಗೆ. ಬಟ್ಟೆ ಎಲ್ಲೂ ಹೋಗಿಲ್ಲ, ನೆರಿಗೆಯಲ್ಲಿ ಸೇರಿಕೊಂಡಿದೆ. ತೋರಿಸುವಾಗ ಬಿಡಿಸಬೇಕು. ಬಿಡಿಸಿದರೆ 1024 ಅಗಲ, 576 ಎತ್ತರ. ಅದೇ ಚೌಕ ಟಿವಿಯ ಚಿತ್ರವಾದರೆ 768 ಅಗಲ.

ಹಾಗಾದರೆ ಬಿಡಿಸಬೇಕೋ ಬೇಡವೋ ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಪ್ರತಿ ಚಿತ್ರದ ಜೊತೆಯಲ್ಲೂ ಕ್ಯಾಮೆರಾ ಒಂದು ಪುಟ್ಟ ಗುರುತು ಬರೆದಿರುತ್ತದೆ. ಇದು ಅಗಲದ್ದು, ಬಿಡಿಸಿ ನೋಡಿ ಅನ್ನುವ ಗುರುತು. ಅಷ್ಟೇ ವ್ಯತ್ಯಾಸ. ಚಿತ್ರದ ಆಕಾರ ಚಿತ್ರದಲ್ಲಿ ಇಲ್ಲ, ಆ ಗುರುತಿನಲ್ಲಿದೆ. ಫೈರ್‌ವೈರಿನಲ್ಲಿ ಅದೂ ಬರುತ್ತದೆ. ಆದರೆ ನಾವು ಅದನ್ನು ಎವಿಐ ಫೈಲಿನಲ್ಲಿ ಹಾಕಿಡುತ್ತೇವೆ. ಗುರುತು ಒಳಗಿನ ಚೀಟಿಯಲ್ಲಿದೆ, ಪೊಟ್ಟಣದ ಮೇಲೆ ಬರೆದಿಲ್ಲ. ಕೆಲವು ಪ್ಲೇಯರ್‌ಗಳು ಪೊಟ್ಟಣವನ್ನು ಮಾತ್ರ ನೋಡುತ್ತವೆ, ಒಳಗಿನ ಚೀಟಿ ಓದುವುದಿಲ್ಲ. ಆಗ ದೊಡ್ಡತ್ತೆ ಸಣಕಲಾಗುತ್ತಾರೆ.

ಸರಿಮಾಡುವುದು ಸುಲಭ. ವಿಎಲ್‌ಸಿ ಪ್ಲೇಯರಿನಲ್ಲಿ ನೋಡುವಾಗ ಕೀಬೋರ್ಡಿನ 'ಎ' ಅಕ್ಷರ ಒತ್ತುತ್ತಾ ಹೋದರೆ ಆಕಾರ ಬದಲಾಗುತ್ತದೆ. 16:9 ಬಂದಾಗ ನಿಲ್ಲಿಸಿ. ಅದು ನೋಡಲು ಮಾತ್ರ. ಫೈಲಿಗೇ ಬರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ತಂತ್ರಾಂಶದಲ್ಲಿ ಒಂದೇ ಸಾಲಿನ ಆದೇಶ ಸಾಕು. ಚಿತ್ರವನ್ನು ಮುಟ್ಟದೆ, ಹಾಗೇ ನಕಲು ಮಾಡಿ, ಆಕಾರದ ಗುರುತು ಮಾತ್ರ ಹೊರಗಡೆಯೂ ಬರೆಯುತ್ತದೆ. ಇಲ್ಲಿ ನನ್ನ ಒಂದು ಗಟ್ಟಿ ಅಭಿಪ್ರಾಯ ಇದೆ. ಆಕಾರ ಸರಿಮಾಡುತ್ತೇನೆ ಅಂತ ಚಿತ್ರವನ್ನು ಮತ್ತೆ ಕುಗ್ಗಿಸಿ, ಹಿಗ್ಗಿಸಿ, ಹೊಸ ಫೈಲ್ ಮಾಡಿ, ಮೂಲ ಫೈಲನ್ನು ಅಳಿಸಬೇಡಿ. ನಮ್ಮ ಡಿವಿಡಿಗೆ ಆಗಿದ್ದು ಅದೇ ಅಲ್ವಾ? ಯಾರೋ ಅವತ್ತಿನ ಟಿವಿಗೆ ಚೆನ್ನಾಗಿ ಕಾಣಲಿ ಅಂತ ಸರಿಮಾಡಿದರು. ಟಿವಿ ಬದಲಾಯಿತು. ಕತ್ತರಿಸಿದ್ದು ವಾಪಸ್ ಬರಲಿಲ್ಲ.

ಬಾಚಣಿಗೆಯ ಹಲ್ಲಿನಂಥ ಗೆರೆಗಳ ವಿಷಯವೂ ಹಾಗೇ. ಕೈ ಬೇಗ ಆಡಿಸಿದಾಗ ಅಂಚಿನಲ್ಲಿ ಗೆರೆ ಗೆರೆ ಕಾಣುತ್ತದೆ. ಆ ಕ್ಯಾಮೆರಾ ಒಂದು ಚಿತ್ರವನ್ನು ಎರಡು ಅರ್ಧವಾಗಿ, ಸೆಕೆಂಡಿಗೆ 50 ಅರ್ಧಗಳಾಗಿ ಹಿಡಿಯುತ್ತದೆ. ನೋಡುವ ಪ್ರತಿಯಲ್ಲಿ ಅದನ್ನು ತೆಗೆಯಿರಿ. ಮೂಲದಲ್ಲಿ ಇರಲಿ ಬಿಡಿ.

ಉಳಿದ ಚೌಕಗಳ ವಿಷಯಕ್ಕೆ ಬರುತ್ತೇನೆ. ಒಂದೇ ಟೇಪನ್ನು ಮೂರು ಸಲ ಇಳಿಸಿದೆ. ಪ್ರತಿ ಸಲ ಚೌಕಗಳು ಬೇರೆ ಬೇರೆ ಕಡೆ ಬಂದವು. ಡಿವಿ-ರೆಸ್ಕ್ಯೂ ಅಂತ ಒಂದು ಉಚಿತ ತಂತ್ರಾಂಶ ಇದೆ, ಟೇಪುಗಳನ್ನು ಕಾಪಾಡುವವರಿಗಾಗಿ ಮಾಡಿದ್ದು. ಒಂದೇ ಟೇಪಿನ ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಯಾವುದು ಸರಿ ಇದೆಯೋ ಅದನ್ನು ಆರಿಸಿ ಒಂದು ಮಾಡುತ್ತದೆ. ಅಕ್ಕಿ ಆರಿಸಿದ ಹಾಗೆ. ಅದನ್ನು ಕಲಿಯಲು ನನಗೆ ಒಂದು ವಾರ ಬೇಕಾಯಿತು. ಆದರೆ ಮೂವತ್ತನೇ ನಿಮಿಷದ ಹತ್ತಿರ ಬಲ ತುದಿಯಲ್ಲಿದ್ದ ಒಂದು ಮುಖದ ಮೇಲೆ ಚೌಕ ಕೂತಿತ್ತು. ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಪ್ರತಿ ಚಿತ್ರದ ಜೊತೆ ಕ್ಯಾಮೆರಾ ತನ್ನ ಗಡಿಯಾರದ ದಿನಾಂಕ, ಸಮಯವನ್ನೂ ಬರೆದಿರುತ್ತದೆ. ಚಿತ್ರದ ಮೇಲೆ ಕಾಣುವುದಿಲ್ಲ, ಒಳಗಡೆ ಇರುತ್ತದೆ. ಕ್ಯಾಮೆರಾದಲ್ಲಿ 'ಡಾಟಾ ಕೋಡ್' ಒತ್ತಿದರೆ ತೋರಿಸುತ್ತದೆ. ಎವಿ ಕೇಬಲ್ಲಿನಲ್ಲಿ, ಡಿವಿಡಿಯಲ್ಲಿ ಇದು ಉಳಿಯುವುದಿಲ್ಲ. ಅಪ್ಪಯ್ಯ ಗಡಿಯಾರ ಸರಿಯಾಗಿ ಇಟ್ಟಿದ್ದರು. ಹಾಗಾಗಿ ಅದು 2007ರ ನವೆಂಬರ್ 24, ರಾತ್ರಿ 9 ಗಂಟೆ 12 ನಿಮಿಷಕ್ಕೆ ಶುರುವಾದದ್ದು ಅಂತ ಈಗ ನಮಗೆ ಗೊತ್ತು. ಶನಿವಾರ. ಮಾರನೇ ದಿನ ಶಾಲೆ ಇಲ್ಲದ್ದಕ್ಕೆ ಮಕ್ಕಳೆಲ್ಲ ಎದ್ದೇ ಇದ್ದಾರೆ.

ಎಲ್ಲ ಸರಿಯಾದ ಮೇಲೆ ಒಂದು ಭಾನುವಾರ ಫೈಲ್ ತೆಗೆದುಕೊಂಡು ಊರಿಗೆ ಹೋದೆ. ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು ಮೇಲೆ. ಕಾಫಿ ಹೂ ಬಿಟ್ಟಿತ್ತು, ಬಸ್ಸಿನ ಒಳಗೂ ವಾಸನೆ. ಮೊದಲೇ ಫೋನ್ ಮಾಡಿದ್ದೆ. ಆಟೊ ಹುಡುಗ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಅವರು ಒಳಗೆ ಬಂದು ಕುರ್ಚಿಯ ಮೇಲೆ ಕೂರಲು ಹಿಂಜರಿದರು. ಅಮ್ಮ ಕೈ ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕೂತರು.

ಈ ಸಲ ದೊಡ್ಡ ಟಿವಿಯಲ್ಲಿ ಹಾಕಿದೆವು. ಅಗಲದ ಟಿವಿಯಲ್ಲಿ ಅಗಲದ ಚಿತ್ರ, ಅಂಚಿನಿಂದ ಅಂಚಿಗೆ. ಜಗಲಿ ಪೂರ್ತಿ ಬಂತು. ಮಧ್ಯದಲ್ಲಿ ಅಜ್ಜಿ, ದೊಡ್ಡತ್ತೆ. ಎಡ ತುದಿಯಲ್ಲಿ ಇಬ್ಬರು ಹೆಂಗಸರು, ಸೆರಗು ತಲೆಗೆ ಕಟ್ಟಿಕೊಂಡು ಬಗ್ಗಿ ಸುಲಿಯುತ್ತಿದ್ದಾರೆ. ಬಲ ತುದಿಯಲ್ಲಿ, ಕಂಬಕ್ಕೆ ಒರಗಿ, ನೀಲಿ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿಕೊಂಡು ಅವರು ಕೂತಿದ್ದರು. ಬೆಳಿಗ್ಗೆಯಿಂದ ಕಾಲಿಗೆ ತಳೆ ಹಾಕಿ ಎಷ್ಟು ಮರ ಹತ್ತಿದ್ದರೋ, ರಾತ್ರಿ ಮತ್ತೆ ಸುಲಿಯಲು ಕೂತಿದ್ದಾರೆ. ಕ್ಯಾಮೆರಾ ಕಡೆ ಒಮ್ಮೆಯೂ ನೋಡುವುದಿಲ್ಲ. ಕೈ ಮಾತ್ರ ಆಡುತ್ತಿದೆ. ಮೆಟ್ಟುಗತ್ತಿಯ ಮೇಲೆ ಅಡಿಕೆ ಇಡುವುದು, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ.

ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗ ಎದ್ದು ಟಿವಿಯ ಹತ್ತಿರ ಹೋಗಿ ನಿಂತ.

ಅವರ ಬೆನ್ನ ಹಿಂದೆ ಒಂದು ಗೋಣಿಚೀಲದ ಮೇಲೆ ಏನೋ ಕಂಬಳಿಯ ಉಂಡೆ ಥರ ಇತ್ತು. ನಾನು ಅಷ್ಟು ಸಲ ನೋಡಿದ್ದರೂ ಅದನ್ನು ಗಮನಿಸಿರಲಿಲ್ಲ. ತಾಯಿಯೇ ಹೇಳಿದರು. "ಅಲ್ನೋಡೋ, ಮಲ್ಗಿರೋದು ನೀನು."

ಮೂವತ್ತೊಂದನೇ ನಿಮಿಷದಲ್ಲಿ ಅಪ್ಪಯ್ಯನ ದನಿ ಕ್ಯಾಮೆರಾದ ಹಿಂದಿನಿಂದ ಕೇಳುತ್ತದೆ. "ಎಷ್ಟಾಯ್ತೋ?" ಅಂತ. ಸುಲಿತದ ಕೂಲಿ ಡಬ್ಬದ ಲೆಕ್ಕದಲ್ಲಿ. ಅವರು ತಲೆ ಎತ್ತದೆ ಹೇಳುತ್ತಾರೆ. "ಏಳಾಯ್ತು ಅಯ್ಯ. ಎಂಟ್ನೇದು."

ಡಿವಿಡಿಯಲ್ಲೂ ಆ ಮಾತು ಇತ್ತು. ಆದರೆ ಯಾರು ಹೇಳಿದ್ದು ಅಂತ ಕಾಣುತ್ತಿರಲಿಲ್ಲ. ಅಲ್ಲಿ ಅದು ಸುಲಿಯುವವರ ಗದ್ದಲದಲ್ಲಿ ಒಂದು ದನಿ ಮಾತ್ರ. ಈಗ ಬಾಯಿ ಅಲ್ಲಾಡುವುದು ಕಂಡಿತು.

"ಅಕ್ಕ, ಇನ್ನೊಂದ್ಸಲ," ಅಂದ. ಹಿಂದಕ್ಕೆ ತಂದೆ. ಅವನು ಫೋನ್ ತೆಗೆದು ಟಿವಿಯ ಸ್ಪೀಕರಿಗೆ ಹಿಡಿದು ರೆಕಾರ್ಡ್ ಮಾಡಿಕೊಂಡ. ಫೈಲ್ ಪೂರ್ತಿ ನಿನಗೇ ಕೊಡುತ್ತೇನೆ, ಪೆನ್‌ಡ್ರೈವ್ ತಂದಿದ್ದೇನೆ ಅಂದೆ. ಅದಕ್ಕೂ ಹೂಂ ಅಂದ. ಆದರೂ ಮೂರು ಸಲ ರೆಕಾರ್ಡ್ ಮಾಡಿಕೊಂಡ. ಅಪ್ಪಯ್ಯ ಕಿವಿಗೆ ಕೈ ಇಟ್ಟು, "ಏನಂತೆ ಅವನು?" ಅಂತ ಕೇಳಿದರು. ಏಳಾಯ್ತಂತೆ ಅಂದೆ. "ಅವನ ಲೆಕ್ಕ ತಪ್ಪೋದೇ ಇಲ್ಲ," ಅಂದರು.

ಎಡ ತುದಿಯಲ್ಲಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ಈಗಲೂ ಇದ್ದಾರಂತೆ, ಜಯಪುರದ ಹತ್ತಿರ ಮಗಳ ಮನೆಯಲ್ಲಿ. ಹುಡುಗನೇ ವಿಳಾಸ ಹೇಳಿದ. ಅವರಿಗೂ ಒಂದು ಪ್ರತಿ ಮಾಡಿಟ್ಟಿದ್ದೇನೆ.

ಎರಡು ಡಿಸ್ಕಿನಲ್ಲಿ ಫೈಲ್‌ಗಳು ಇವೆ. ಒಂದು ಚಿಕ್ಕಮಗಳೂರಿನಲ್ಲಿ, ಇನ್ನೊಂದು ಊರಿನಲ್ಲಿ, ಅದೇ ಉಗ್ರಾಣದ ಕಪಾಟಿನಲ್ಲಿ. ಕ್ಯಾಸೆಟ್‌ಗಳನ್ನು ಬಿಸಾಡಿಲ್ಲ. ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅಮ್ಮನಿಗೇ ಕೊಟ್ಟಿದ್ದೇನೆ. ಬೂಷ್ಟು ಹಿಡಿದ ಎರಡಕ್ಕೆ ಏನು ಮಾಡಬೇಕು ಅಂತ ತಿಳಿದವರನ್ನು ಕೇಳುತ್ತಿದ್ದೇನೆ. ಚೆನ್ನಾಗಿರುವ ಒಂಬತ್ತರಲ್ಲಿ ಮೂರು ಮುಗಿದಿವೆ. ಮಳೆ ಹಿಡಿಯುವ ಮೊದಲು ಉಳಿದ ಆರನ್ನೂ ಇಳಿಸಬೇಕು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಒಳಗೆ ನೀರು ಕಟ್ಟಿದೆ ಅಂತ ಕ್ಯಾಮೆರಾ ತಾನಾಗಿಯೇ ನಿಂತುಬಿಡುತ್ತದೆ.

ನಾಲ್ಕನೆಯದು ಈಗ ಕ್ಯಾಮೆರಾದಲ್ಲಿದೆ, ಹಿಂದಕ್ಕೆ ಸುತ್ತುತ್ತಿದೆ. ಮೇಲಿನ ಚೀಟಿಯಲ್ಲಿ ಅಪ್ಪಯ್ಯ ಬರೆದದ್ದು: "ಗೃಹಪ್ರವೇಶ. ಪಂಕ್ತಿ, ಬಡಿಸಿದವರು."